ತಂಗಳು ತಿನ್ನುವ ಊರಿನಿಂದ

ಹಾಸನದ ನಮ್ಮ ಮನೆಯಲ್ಲಿ ತಂಗಳು ಅಂದರೆ ಬೈಗುಳಕ್ಕೆ ಸಮ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನದ ವೇಷ ಹಾಕಿಕೊಂಡು ಬಂದರೆ ಮಾತ್ರ ತಟ್ಟೆಗೆ ಬೀಳುತ್ತಿತ್ತು. ಸಾರು ಉಳಿದರೆ ಕಲಗಚ್ಚಿಗೆ. ಮನೆಗೆ ಫ್ರಿಜ್ ಬಂದ ಮೇಲೂ ಅಮ್ಮ ಅದರಲ್ಲಿ ಇಡುತ್ತಿದ್ದದ್ದು ಹಾಲು, ಮೊಸರು, ಹೂವು, ದೋಸೆ ಹಿಟ್ಟು, ಅಷ್ಟೇ. ಆ ಮನೆಯ ಮಗಳು ನಾನು ಈಗ ಹನ್ನೊಂದು ದಿನದ ಹಿಂದೆ ಮಾಡಿದ ಹುಳಿಯನ್ನು ಬಿಸಿ ಮಾಡಿಕೊಂಡು ಕೂತಿದ್ದೇನೆ. ಹೊರಗೆ ಮಳೆ. ಸಮಯ ಮಧ್ಯಾಹ್ನ ಮೂರೂವರೆ, ಆಗಲೇ ಕತ್ತಲು.

ಊರು ಸ್ವೀಡನ್ನಿನ ಗೊಥೆನ್‌ಬರ್ಗ್. ಇಲ್ಲಿಯವರ ಬಾಯಲ್ಲಿ ಅದು ಯೊತೆಬೊರಿ. ಪಶ್ಚಿಮ ಕರಾವಳಿಯ ಊರು, ಮಳೆಗೇನೂ ಬರವಿಲ್ಲ. ಸಕಲೇಶಪುರದ ಮಳೆ ನೋಡಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಡಿಸೆಂಬರಿನಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಟ್ಟುವ ಸೂರ್ಯ ನಾನು ಆಫೀಸಿನಿಂದ ಹೊರಬೀಳುವ ಮೊದಲೇ ಮುಳುಗಿರುತ್ತಾನೆ. ಟ್ರಾಮ್ ಇಳಿದು ಮನೆಗೆ ಬಂದಾಗ ಈರುಳ್ಳಿ ಹೆಚ್ಚುವುದಕ್ಕೂ ಮನಸ್ಸು ಬರುವುದಿಲ್ಲ. ಮೊದಲ ಚಳಿಗಾಲ ಪೂರ್ತಿ ಬ್ರೆಡ್ಡು, ಬಾಳೆಹಣ್ಣು, ಮತ್ತೆ ಬ್ರೆಡ್ಡು.

ಆಫೀಸಿನ ಊಟದ ಕೋಣೆಯಲ್ಲಿ ಆರು ಮೈಕ್ರೋವೇವ್‌ಗಳು ಸಾಲಾಗಿವೆ. ಹನ್ನೊಂದೂವರೆಗೆಲ್ಲ ಅವುಗಳ ಮುಂದೆ ಜನ ಡಬ್ಬಿ ಹಿಡಿದು ನಿಲ್ಲುತ್ತಾರೆ. ಹೊಸದಾಗಿ ಸೇರಿದ ಹುಡುಗನೂ ಅಲ್ಲೇ, ಅವನ ಬಾಸಿನ ಬಾಸೂ ಅಲ್ಲೇ. ಡಬ್ಬಿಗೆ ಇಲ್ಲಿ ಮಾತ್‌ಲೋದಾ ಅನ್ನುತ್ತಾರೆ. ಒಳಗಿರುವುದು ನಿನ್ನೆ ರಾತ್ರಿಯದು, ಇಲ್ಲವೇ ಹೋದ ತಿಂಗಳು ಮಾಡಿ ಫ್ರೀಜರಿನಲ್ಲಿ ಇಟ್ಟದ್ದು. ಅದನ್ನು ಯಾರೂ ಮುಚ್ಚಿಡುವುದಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಯಂತೂ ಮಗುವಿನ ಫೋಟೋ ತೋರಿಸುವ ಹಾಗೆ ತನ್ನ ಫ್ರೀಜರಿನ ಫೋಟೋ ತೋರಿಸಿದಳು. ಒಂದೇ ಅಳತೆಯ ಡಬ್ಬಿಗಳು, ಒಂದೊಂದರ ಮೇಲೂ ಬಿಳಿ ಟೇಪು, ಟೇಪಿನ ಮೇಲೆ ಅಡುಗೆಯ ಹೆಸರು, ತಾರೀಖು. ಹೀಗೆ ಒಂದೇ ದಿನ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಎತ್ತಿಡುವುದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ಸ್ಟೂರ್‌ಕೂಕ್. ನಮ್ಮ ಬಾಡಿಗೆ ಮನೆಯಲ್ಲಿ ಆಳೆತ್ತರದ ಫ್ರಿಜ್, ಪಕ್ಕದಲ್ಲೇ ಅಷ್ಟೇ ಎತ್ತರದ ಫ್ರೀಜರ್ ಯಾಕಿದೆ ಅಂತ ಅವತ್ತು ಅರ್ಥವಾಯಿತು. ಅಲ್ಲಿಯವರೆಗೆ ಅದರಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಮಾತ್ರ ಒಂಟಿಯಾಗಿ ಕೂತಿತ್ತು.

ಸರಿ, ನಾನೂ ಶುರು ಮಾಡಿದೆ. ಮೊದಲ ಭಾನುವಾರವೇ ಎಡವಟ್ಟು. ಇಲ್ಲಿ ಅಡುಗೆಮನೆಯ ಬಿಸಿ 20 ಡಿಗ್ರಿ ದಾಟುವುದಿಲ್ಲ, ದೋಸೆ ಹಿಟ್ಟು ಎರಡು ದಿನ ಇಟ್ಟರೂ ಮಿಸುಕುವುದಿಲ್ಲ. ಅವನ್ ಒಳಗೆ ಇಟ್ಟು ಅದರ ದೀಪ ಮಾತ್ರ ಹಾಕಿಡು, ಆ ಶಾಖಕ್ಕೇ ಉಬ್ಬುತ್ತದೆ ಅಂತ ಯಾರೋ ಹೇಳಿಕೊಟ್ಟರು. ಇಟ್ಟೆ. ರಾತ್ರಿಯೆಲ್ಲ ಚೆನ್ನಾಗಿ ಉಬ್ಬಿತು. ಬೆಳಿಗ್ಗೆ ನನ್ನ ಗಂಡ ಬನ್ ಬಿಸಿ ಮಾಡೋಣ ಅಂತ ಒಳಗೆ ನೋಡದೆ 200 ಡಿಗ್ರಿಗೆ ತಿರುಗಿಸಿದ. ಹಿಟ್ಟಿನ ಜೊತೆ ಪ್ಲಾಸ್ಟಿಕ್ ಮುಚ್ಚಳವೂ ಬೆಂದಿತ್ತು. ಮುಚ್ಚಳ ಕರಗಿ ಇಳಿದು, ಅದರ ಮೇಲೆ ಹಿಟ್ಟು ಉಕ್ಕಿ, ಅಂಚಿನಲ್ಲಿ ಕೆಂಪಗೆ ಗರಿಗರಿ. ನೋಡಲು ಸೆಟ್ ದೋಸೆ ಥರಾನೇ ಇತ್ತು! ಅವತ್ತಿನಿಂದ ಅವನ್ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸುತ್ತೇನೆ: ‘ಒಳಗೆ ಹಿಟ್ಟಿದೆ.’

ಮೊಸರಿನ ಕಥೆ ಸುಖಾಂತ್ಯವಾಯಿತು. ಊರಿನ ಹೆಪ್ಪು ನೆನೆದು ಅಳುತ್ತಿದ್ದವಳಿಗೆ ಇಲ್ಲಿಯ ಫಿಲ್ಮ್‌ಯೋಲ್ಕ್ ಸಿಕ್ಕಿತು. ಹಾಲಿನ ಪ್ಯಾಕೆಟ್ಟಿನಂಥದ್ದೇ ಒಂದು ಲೀಟರಿನ ಪ್ಯಾಕೆಟ್, ಒಳಗೆ ಗಟ್ಟಿ ಮಜ್ಜಿಗೆಗೂ ತೆಳು ಮೊಸರಿಗೂ ನಡುವಿನ ಹದ. ಅದರಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಬಿಸಿ ಬೇಕಿಲ್ಲ, ಕೋಣೆಯ ತಣುಪಿನಲ್ಲೇ ಕೆಲಸ ಮಾಡುತ್ತವೆ. ಎರಡು ಚಮಚ ಹಾಲಿಗೆ ಹಾಕಿ ಕಟ್ಟೆಯ ಮೇಲೆ ಬಿಟ್ಟರೆ ಒಂದು ದಿನದಲ್ಲಿ ತಾನೇ ಹೆಪ್ಪಾಗುತ್ತದೆ. ಸ್ವಲ್ಪ ಲೋಳೆ ಅನ್ನಿಸುತ್ತದೆ, ನಿಜ. ಮೊಸರನ್ನಕ್ಕೆ ಸಾಸಿವೆ, ಇಂಗು, ಬಾಳಕದ ಮೆಣಸಿನಕಾಯಿಯ ಒಗ್ಗರಣೆ ಬಿದ್ದ ಮೇಲೆ ಯಾರಿಗೆ ಗೊತ್ತಾಗುತ್ತೆ?

ಇಲ್ಲಿಯವರಿಗೂ ತಮ್ಮದೇ ಒಂದು ಬೇಳೆಸಾರಿದೆ. ಒಣಗಿದ ಹಳದಿ ಬಟಾಣಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಈರುಳ್ಳಿ, ಥೈಮ್ ಅನ್ನುವ ಒಣ ಸೊಪ್ಪು ಹಾಕಿ ಕರಗುವ ತನಕ ಬೇಯಿಸುತ್ತಾರೆ. ಹೆಸರು ಎರ್ಟ್‌ಸೊಪ್ಪಾ. ಸೊಪ್ಪಾ ಅಂದರೆ ಇವರ ಭಾಷೆಯಲ್ಲಿ ಸೂಪು. ಕ್ಯಾಂಟೀನಿನ ಹಲಗೆಯ ಮೇಲೆ ಅದನ್ನು ಮೊದಲ ಸಲ ಓದಿದ ನಾನು ಯಾವುದೋ ಸೊಪ್ಪಿನ ಹುಳಿ ಇರಬೇಕು ಅಂತ ತಟ್ಟೆ ಹಿಡಿದು ಓಡಿದ್ದೆ. ಮಾಮೂಲಿಯಾಗಿ ಅದರಲ್ಲಿ ಹಂದಿ ಮಾಂಸ ಇರುತ್ತದೆ, ಕೇಳಿ ತಿನ್ನಬೇಕು. ಇಲ್ಲದ್ದೂ ಸಿಗುತ್ತದೆ. ಇದು ಗುರುವಾರದ ಊಟ. ಮುಂಚೆ ಕ್ಯಾಥೊಲಿಕ್ ಕಾಲದಲ್ಲಿ ಶುಕ್ರವಾರ ಉಪವಾಸ, ಹಾಗಾಗಿ ಹಿಂದಿನ ದಿನ ಹೊಟ್ಟೆ ತುಂಬಾ ತಿನ್ನುತ್ತಿದ್ದರಂತೆ. ಉಪವಾಸ ಬಿಟ್ಟು ಶತಮಾನಗಳಾದವು, ಗುರುವಾರ ಬಿಡಲಿಲ್ಲ. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುತ್ತೇವಲ್ಲ, ಯಾಕೆ ಅಂತ ಕೇಳಿದರೆ ಅಪ್ಪನಿಗೂ ನೆಟ್ಟಗೆ ಹೇಳಲು ಬರುವುದಿಲ್ಲ, ಹಾಗೇ ಇದು. 1577ರಲ್ಲಿ ಸತ್ತ ಹದಿನಾಲ್ಕನೇ ಎರಿಕ್ ರಾಜನಿಗೆ ವಿಷ ಹಾಕಿದ್ದು ಈ ಬಟಾಣಿ ಸೂಪಿನಲ್ಲೇ ಅಂತ ಒಂದು ಕಥೆಯೂ ಇದೆ. ಆದರೂ ತಿನ್ನುತ್ತಾರೆ, ಮೇಲೆ ಸಾಸಿವೆ ಪೇಸ್ಟು ಕದಡಿಕೊಂಡು. ನಾನು ಮನೆಯಲ್ಲಿ ಅದಕ್ಕೇ ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ನಿಂಬೆ ಹಿಂಡುತ್ತೇನೆ. ತೊವ್ವೆಗೆ ದೂರದ ಸಂಬಂಧಿ ಅನ್ನಬಹುದು.

ಇದೆಲ್ಲ ಪಳಗಿದ್ದು ಅಭ್ಯಾಸದಿಂದ. ನನ್ನನ್ನು ನಿಂತಲ್ಲೇ ಹಿಡಿದು ನಿಲ್ಲಿಸಿದ್ದು ಒಂದು ಸೊಪ್ಪು.

ಬಂದ ವರ್ಷದ ಜೂನ್ ತಿಂಗಳು, ಅವರ ಮಿಡ್‌ಸೊಮ್ಮರ್ ಹಬ್ಬ. ಸಹೋದ್ಯೋಗಿಯ ಮನೆಗೆ ಊಟಕ್ಕೆ ಕರೆದಿದ್ದರು. ಮೇಜಿನ ತುಂಬ ಮೀನಿನ ಉಪ್ಪಿನಕಾಯಿಯಂಥವು, ನನಗೆ ತಿನ್ನಲು ಏನಿದೆ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆ ಗೋಲಿಗಿಂತ ಸ್ವಲ್ಪ ದಪ್ಪದ ಎಳೆ ಆಲೂಗಡ್ಡೆ ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಬಡಿಯಿತು. ಸಬ್ಬಸಿಗೆ! ಒಂದು ಕ್ಷಣ ನಾನು ಹಾಸನದ ಅಡುಗೆಮನೆಯಲ್ಲಿದ್ದೆ, ಅಜ್ಜಿ ಕಾವಲಿಯ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಇವರು ಅದಕ್ಕೆ ದಿಲ್ ಅನ್ನುತ್ತಾರೆ. ಆಲೂಗಡ್ಡೆಗೆ ಹಾಕುತ್ತಾರೆ, ಮೀನಿಗೆ ಹಾಕುತ್ತಾರೆ, ಆಗಸ್ಟಿನಲ್ಲಿ ಸಿಗಡಿಯಂಥ ಕೆಂಪು ನೀರುಜೀವಿ ಬೇಯಿಸುವಾಗ ಹೂವು ಸಮೇತ ಹಾಕುತ್ತಾರೆ. ಚಿಪ್ಸಿಗೂ ಬಿಡಲ್ಲ. ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

‘ಅಮ್ಮಾ, ಇಲ್ಲಿ ಸಬ್ಬಸಿಗೆ ಸೊಪ್ಪು ಸಿಗತ್ತೆ.’

‘ಸುಮ್ನಿರೇ, ಹಿಮ ಬೀಳೋ ಊರಲ್ಲಿ ಎಲ್ಲಿಯ ಸಬ್ಬಸಿಗೆ?’

ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ‘ಕಡ್ಡಿ ಬಲಿತಿದೆ. ಎಲೆ ಮಾತ್ರ ಬಿಡಿಸ್ಕೊ.’

ಸಬ್ಬಸಿಗೆ ಇಲ್ಲಿ ಕುಂಡದಲ್ಲಿ ಬೆಳೆದದ್ದೂ ಸಿಗುತ್ತದೆ, ಹೆಚ್ಚಿ ಫ್ರೀಜ್ ಮಾಡಿದ್ದೂ ಚಿಕ್ಕ ಪೊಟ್ಟಣದಲ್ಲಿ ಸಿಗುತ್ತದೆ. ಆ ಎರಡನೆಯದು ನನ್ನ ಪಾಲಿಗೆ ವರ. ಕತ್ತಲ ತಿಂಗಳಲ್ಲಿ ಕೆಲಸದಿಂದ ಬಂದು, ಅಕ್ಕಿ ಹಿಟ್ಟಿಗೆ ಒಂದು ಹಿಡಿ ಸುರಿದು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ತೆಂಗಿನ ತುರಿ, ಬಿಸಿನೀರು ಹಾಕಿ ಕಲಸುತ್ತೇನೆ. ತಣ್ಣನೆಯ ಬಾಣಲೆಗೇ ಎಣ್ಣೆ ಸವರಿ ತಟ್ಟಿ, ಆಮೇಲೆ ಒಲೆ ಹಚ್ಚುತ್ತೇನೆ. ಬಾಳೆಲೆಯ ತಾಪತ್ರಯವೇ ಇಲ್ಲ. ಮೊದಲ ರೊಟ್ಟಿಯ ಅಂಚು ಬಿಡುವ ಹೊತ್ತಿಗೆ ಮನೆಯೆಲ್ಲ ಘಮ್ ಅನ್ನುತ್ತದೆ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, ಮೀನು ಮಾಡಿದ್ಯಾ ಅಂತ ಕೇಳಿದರು. ಅವರ ಮೂಗಿಗೆ ಸಬ್ಬಸಿಗೆ ಅಂದರೆ ಮೀನು, ನನ್ನ ಮೂಗಿಗೆ ರೊಟ್ಟಿ.

ಫ್ರೀಜರಿನಲ್ಲಿ ಯಾವುದು ಬಾಳುತ್ತದೆ, ಯಾವುದು ಬಾಳುವುದಿಲ್ಲ ಅನ್ನುವುದನ್ನು ಕೆಡಿಸಿಯೇ ಕಲಿತೆ. ಬೇಳೆಸಾರು, ಹುರುಳಿ ಸಾರು, ಬೇಯಿಸಿದ ಕಡಲೆ, ಅವರೆಕಾಳು ಒಳ್ಳೆಯವು. ಆಲೂಗಡ್ಡೆ ಹಾಕಿದ ಹುಳಿ ಬೇಡ, ಹೋಳು ಸ್ಪಂಜಾಗುತ್ತದೆ. ಅನ್ನ ಒಣಗಿದ ಮೇಲೆ ಇಟ್ಟರೆ ಹರಳು ಹರಳು, ಹಬೆ ಇರುವಾಗಲೇ ಡಬ್ಬಿಗೆ ತುಂಬಿ ಬೇಗ ಆರಿಸಿ ಒಳಗಿಟ್ಟರೆ ಮೃದುವಾಗಿ ಎದ್ದು ಬರುತ್ತದೆ. ಹುಳಿಗೆ ಒಗ್ಗರಣೆ ಮಾತ್ರ ತಿನ್ನುವ ದಿನವೇ ಕೊಡಬೇಕು. ಎರಡು ನಿಮಿಷದ ಕೆಲಸ, ಆದರೆ ಅದೊಂದು ಇದ್ದರೆ ತಂಗಳು ಅನ್ನಿಸುವುದೇ ಇಲ್ಲ.

ಇಷ್ಟೆಲ್ಲ ಕೇಳಿದ ಅಮ್ಮ ಒಂದು ದಿನ ಫೋನಿನಲ್ಲಿ ಸಿಟ್ಟಾದರು. ‘ಹದಿನೈದು ದಿನದ ಸಾರು ತಿಂತೀಯೇನೇ? ನಾವು ಹೀಗಾ ಬೆಳೆಸಿದ್ದು ನಿನ್ನ?’

ಆಗ ನಾನು ಕೇಳಿದೆ, ‘ಅಮ್ಮಾ, ನಿನ್ನ ಪುಳಿಯೋಗರೆ ಗೊಜ್ಜು ಎಷ್ಟು ದಿನದ್ದು?’

ಸ್ವಲ್ಪ ಹೊತ್ತು ಮಾತಿಲ್ಲ. ‘ಅದು ಗೊಜ್ಜು ಕಣೇ. ಅದು ಬೇರೆ.’

ಬೇರೆ ಹೇಗಾಗುತ್ತದೆ? ಬೇಸಿಗೆಯಲ್ಲಿ ಮಾಡಿಟ್ಟ ಸಂಡಿಗೆ, ಹಪ್ಪಳ, ಬಾಳಕ, ಡಬ್ಬಿಯಲ್ಲಿರುವ ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಇವೆಲ್ಲ ಅಮ್ಮನ ಸ್ಟೂರ್‌ಕೂಕ್ ಅಲ್ವಾ? ಫ್ರೀಜರಿನ ಬದಲು ಬಿಸಿಲು, ಉಪ್ಪು, ಎಣ್ಣೆ, ಹುಣಸೆಹಣ್ಣು. ಕೆಲಸ ಮುಗಿಸಿ ಸುಸ್ತಾಗಿ ಬಂದವರಿಗೆ, ಹೇಳದೆ ಬಂದ ನೆಂಟರಿಗೆ ಹತ್ತು ನಿಮಿಷದಲ್ಲಿ ಊಟ.

ಆ ಗೊಜ್ಜನ್ನು ನಾನೀಗ ಇಲ್ಲೇ ಮಾಡುತ್ತೇನೆ, ವರ್ಷಕ್ಕೆ ಮೂರು ಸಲ. 200 ಗ್ರಾಂ ಹುಣಸೆಹಣ್ಣು ಬಿಸಿನೀರಿನಲ್ಲಿ ನೆನೆಸಿ ಗಟ್ಟಿ ರಸ. ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ಎಣ್ಣೆ. ಸಾಸಿವೆ, ಕಡಲೆಬೀಜ, ಕಡಲೆಬೇಳೆ, ಇಂಗು. ರಸ ಸುರಿದು, ಉಪ್ಪು, ಅರಿಶಿನ, ಒಂದು ಅಚ್ಚು ಬೆಲ್ಲ. ಸಣ್ಣ ಉರಿಯಲ್ಲಿ ಕುದಿಯುತ್ತಾ ಕುದಿಯುತ್ತಾ ಅದು ಪಟಪಟ ಹಾರತೊಡಗುತ್ತದೆ, ಆಗ ಮುಖ ಹತ್ತಿರ ಒಯ್ಯಬಾರದು. ಎಣ್ಣೆ ಅಂಚಿನಲ್ಲಿ ಬಿಟ್ಟುಕೊಂಡ ಮೇಲೆ ಹುರಿದು ಪುಡಿ ಮಾಡಿದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ಕಾಳುಮೆಣಸು, ಎಳ್ಳು. ಕೊಬ್ಬರಿ ಅನ್ನ ಕಲಸುವಾಗ ಹಾಕಿಕೊಳ್ಳುವುದು, ಮೊದಲೇ ಹಾಕಿದರೆ ಬೇಗ ಕಂಟು ಹಿಡಿಯುತ್ತದೆ. ಮೊದಲ ಸಲ ಮಾಡಿದಾಗ ಹೊಗೆಯ ಅಲಾರಂ ಕೂಗಿ ಇಡೀ ಮಹಡಿಗೆ ಸುದ್ದಿ ಮುಟ್ಟಿತ್ತು. ಈಗ ಮೆಣಸಿನಕಾಯಿ ಹುರಿಯುವ ದಿನ ಕಿಟಕಿ ತೆರೆದು, ಜಾಕೆಟ್ ಹಾಕಿಕೊಂಡೇ ಒಲೆಯ ಮುಂದೆ ನಿಲ್ಲುತ್ತೇನೆ.

ಹೋದ ಬೇಸಿಗೆಯಲ್ಲಿ ಅಮ್ಮ ಎರಡು ತಿಂಗಳು ಬಂದಿದ್ದರು. ಬಂದ ದಿನ ಫ್ರೀಜರ್ ಬಾಗಿಲು ತೆರೆದು ನೋಡಿ ಏನೂ ಹೇಳದೆ ಮುಚ್ಚಿದರು. ಹೊರಡುವ ವಾರ ನಾನು ಕೆಲಸಕ್ಕೆ ಹೋದಾಗಲೆಲ್ಲ ಒಲೆ ಉರಿಯುತ್ತಿತ್ತಂತೆ. ಅವರನ್ನು ವಿಮಾನ ಹತ್ತಿಸಿ ಬಂದು ನೋಡಿದರೆ ಹದಿನಾಲ್ಕು ಡಬ್ಬಿ, ಎಲ್ಲದಕ್ಕೂ ಟೇಪು. ತಾರೀಖು ಎಲ್ಲೂ ಇಲ್ಲ. ಒಂದರ ಮೇಲೆ ‘ನುಗ್ಗೆಕಾಯಿ, ಏಕಾದಶಿ ಮಾರನೇ ದಿನದ್ದು’, ಇನ್ನೊಂದರ ಮೇಲೆ ‘ಸಪ್ಪೆ ಇದೆ, ಉಪ್ಪು ನೋಡ್ಕೊ’.

ಈಗ ತಿನ್ನುತ್ತಿರುವ ಹುಳಿ ನನ್ನದೇ, ಉಪ್ಪು ಸರಿಯಾಗಿದೆ. ನಾಳೆ ಗುರುವಾರ. ಏಳಬೇಕು, ಇನ್ನೂ ಬಟಾಣಿ ನೆನೆಹಾಕಿಲ್ಲ.