ಒಂದನೇ ನಂಬರ್ ಕೈತಪ್ಪಿದ ಮೇಲೆ

ಸ್ಯಾನ್ ಹೋಸೆ ಶಾರ್ಕ್ಸ್ ಸೋತ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ ಕಾಲ ಅದು. ಕೇಳಿದವರಿಗೆ ಹುಚ್ಚು ಅನ್ನಿಸಬಹುದು. ಆದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ತಳ ಹಿಡಿದಿರುವ ತಂಡದ ಅಭಿಮಾನಿಗೆ ಸೀಸನ್ ಮುಗಿಯುವ ಏಪ್ರಿಲ್ ತಿಂಗಳ ಗೆಲುವು ದುಬಾರಿ. ಎಲ್ಲರಿಗಿಂತ ಕೆಳಗೆ ಮುಗಿಸಿದರೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನ ಲಾಟರಿಯಲ್ಲಿ ಒಂದನೇ ಆಯ್ಕೆ ಸಿಗುವ ಸಾಧ್ಯತೆ 25.5%. ಎರಡು ಪಂದ್ಯ ಸುಮ್ನೆ ಗೆದ್ದುಬಿಟ್ಟರೆ ಅದೂ ಕೆಳಗಿಳಿಯುತ್ತದೆ. 2024-25ರಲ್ಲಿ ನಮ್ಮವರು 82 ಪಂದ್ಯದಲ್ಲಿ ಗೆದ್ದಿದ್ದು 20. ಅದಕ್ಕೂ ಹಿಂದಿನ ವರ್ಷ 19. ಆ ವರ್ಷದ ಶುರುವಿನಲ್ಲಿ ಒಂದರ ಹಿಂದೆ ಒಂದರಂತೆ ಎರಡು ಪಂದ್ಯಗಳಲ್ಲಿ ಹತ್ತತ್ತು ಗೋಲು ಹೊಡೆಸಿಕೊಂಡಿದ್ದರು. ಇಷ್ಟೆಲ್ಲಾ ಆದ ಮೇಲೂ ಟಿಕೆಟ್ ಕೊಂಡು ಹೋಗುತ್ತಿದ್ದೆವು ಅಂದರೆ ನಾವು ನೋಡುತ್ತಿದ್ದದ್ದು ಆ ದಿನದ ಆಟವನ್ನಲ್ಲ, ಮೂರು ವರ್ಷ ಮುಂದಿನದನ್ನು.

ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಇದು ಐಸ್ ಹಾಕಿ. ಪ್ರತಿ ವರ್ಷ ಜೂನ್ ಕೊನೆಯಲ್ಲಿ 32 ತಂಡಗಳು ಏಳು ಸುತ್ತಿನಲ್ಲಿ 224 ಹುಡುಗರನ್ನು ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. ಹೆಚ್ಚಿನವರಿಗೆ ಹದಿನೆಂಟು ವರ್ಷ, ಕೆಲವರಿಗೆ ಅದೂ ತುಂಬಿರುವುದಿಲ್ಲ. ಸೋತ ತಂಡಗಳಿಗೆ ಮೊದಲ ಸರದಿ, ಅವರಲ್ಲಿ ಯಾರು ಮೊದಲು ಅನ್ನೋದಕ್ಕೆ ಲಾಟರಿ. ಮುಂದಿನ ವರ್ಷದ ಸರದಿಯನ್ನು ಇವತ್ತೇ ಮಾರಬಹುದು, ಕೊಳ್ಳಬಹುದು. ಮಜಾ ಇರುವುದೇ ಇಲ್ಲಿ.

ನನ್ನ ಪಕ್ಕದಲ್ಲಿ ಕೂತು ಪಂದ್ಯ ನೋಡುವವನು ವಿರಾಜಪೇಟೆಯ ಹುಡುಗ. ಅವನಿಗೆ ಈ ಮಾರಾಟದ ವ್ಯವಹಾರ ಇವತ್ತಿಗೂ ಅರ್ಧ ತಮಾಷೆ, ಅರ್ಧ ಅಸಹ್ಯ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಈಚಿನ ವರ್ಷಗಳಲ್ಲಿ 300ಕ್ಕೂ ಹೆಚ್ಚು ತಂಡ ಸೇರುತ್ತವೆ. ಅಲ್ಲಿ ನಿನ್ನ ತಂಡ ಯಾವುದು ಅನ್ನೋದು ಹುಟ್ಟುವಾಗಲೇ ತೀರ್ಮಾನ. "ನಮ್ಮಲ್ಲಿ ಗೋಲಿ (ಗೋಲ್‌ಕೀಪರ್) ಸರಿ ಇಲ್ಲ ಅಂತ ಚಿಕ್ಕಪ್ಪನ್ನ ಕೊಟ್ಟು ಪಕ್ಕದ ಮನೆಯವರ ಭಾವನ್ನ ತರೋಕಾಗುತ್ತಾ?" ಅಂತ ಕೇಳುತ್ತಾನೆ. ಆದರೆ ಟ್ರೇಡ್ ಡೆಡ್‌ಲೈನ್ ದಿನ, ಅಂದರೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಕೊನೆಯ ದಿನ, ಎಲ್ಲರಿಗಿಂತ ಮೊದಲು ಫೋನ್ ಮಾಡುವವನೂ ಅವನೇ.

ಲಾಟರಿ ಇದ್ದದ್ದು 2025ರ ಮೇ 5, ಸೋಮವಾರ. ನ್ಯೂಜೆರ್ಸಿಯಲ್ಲಿ ಸಂಜೆ ಏಳು, ನಮಗೆ ನಾಲ್ಕು. ಅಂದರೆ ಆಫೀಸಿನ ಹೊತ್ತು. ಮೊದಲೆಲ್ಲ ಚೆಂಡು ಎತ್ತುವುದನ್ನು ಮುಚ್ಚಿದ ಕೋಣೆಯಲ್ಲಿ ಮಾಡಿ, ಆಮೇಲೆ ಬರೀ ಕಾರ್ಡು ತೋರಿಸುತ್ತಿದ್ದರು. ಆ ವರ್ಷ ಮೊದಲ ಸಲ ಚೆಂಡು ಎತ್ತುವುದನ್ನೇ ಲೈವ್ ತೋರಿಸಿದರು. 14 ಚೆಂಡು, ಅದರಲ್ಲಿ ನಾಲ್ಕು ಹೊರಗೆ ಬರುತ್ತವೆ. ಯಾವ ನಾಲ್ಕು ಬಂದರೆ ಯಾರಿಗೆ ಅಂತ ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ನಾನು ಒಂದು ಪರದೆಯಲ್ಲಿ ಮೀಟಿಂಗ್, ಫೋನಿನಲ್ಲಿ ಲಾಟರಿ ಇಟ್ಟುಕೊಂಡು ಕೂತಿದ್ದೆ. ಒಂದೊಂದು ಚೆಂಡು ಬಂದಾಗಲೂ ತಂಡಗಳ ಶೇಕಡಾವಾರು ಏರಿಳಿಯುತ್ತಿತ್ತು. ಕೊನೆಗೆ ಬಂದದ್ದು ನ್ಯೂಯಾರ್ಕ್ ಐಲ್ಯಾಂಡರ್ಸ್. ಅವರಿಗಿದ್ದ ಸಾಧ್ಯತೆ ಬರೀ 3.5%. ಹತ್ತನೇ ಸ್ಥಾನದಿಂದ ನೇರ ಒಂದಕ್ಕೆ. ಲಾಟರಿಯಲ್ಲಿ ಒಂದು ತಂಡ ಹತ್ತು ಸ್ಥಾನಕ್ಕಿಂತ ಜಾಸ್ತಿ ಮೇಲೆ ಹೋಗುವ ಹಾಗಿಲ್ಲ ಅನ್ನೋ ನಿಯಮ ಇದೆ. ಅದೇ ನಿಯಮದಿಂದಾಗಿ ಎರಡನೇ ಸಲ ಚೆಂಡು ಎತ್ತಿದಾಗ ಗೆದ್ದ ಯೂಟಾ ಹದಿನಾಲ್ಕರಿಂದ ನಾಲ್ಕಕ್ಕೆ ಬಂದು ನಿಂತಿತು. ನಾವು ಒಂದರಿಂದ ಎರಡಕ್ಕೆ ಇಳಿದೆವು. ಮೀಟಿಂಗಿನಲ್ಲಿ ಯಾರೋ ಏನೋ ಕೇಳಿದರು. ಮ್ಯೂಟ್ ತೆಗೆದು "ಹೌದು, ಆಗುತ್ತೆ" ಅಂದೆ. ಏನಾಗುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ.

ಒಂದಕ್ಕೂ ಎರಡಕ್ಕೂ ಅಂಥಾ ವ್ಯತ್ಯಾಸ ಏನು ಅಂದರೆ ಮ್ಯಾಥ್ಯೂ ಶೇಫರ್. ಒಂಟಾರಿಯೋ ಜೂನಿಯರ್ ಲೀಗಿನ ಈರಿ ಓಟರ್ಸ್ ತಂಡದ ಡಿಫೆನ್ಸ್‌ಮನ್. 2024ರಲ್ಲಿ ಒಂದನೇ ಆಯ್ಕೆಯಲ್ಲಿ ನಮಗೆ ಮ್ಯಾಕ್ಲಿನ್ ಸೆಲೆಬ್ರೀನಿ ಸಿಕ್ಕಾಗಿತ್ತು. 2023ರಲ್ಲಿ ನಾಲ್ಕನೇ ಆಯ್ಕೆಯಲ್ಲಿ ವಿಲ್ ಸ್ಮಿತ್ ಬಂದಿದ್ದ. ಇಬ್ಬರೂ ಫಾರ್ವರ್ಡ್‌ಗಳು. ಹಿಂದೆ ನಿಂತು ಆಟ ನಡೆಸುವವನೊಬ್ಬ ಬೇಕಿತ್ತು, ಆ ವರ್ಷದ ಅತ್ಯುತ್ತಮ ಹುಡುಗನೂ ಡಿಫೆನ್ಸ್‌ಮನ್ನೇ ಆಗಿದ್ದ. ಇಂಥ ಜೋಡಿ ಕೂಡಿಬರುವುದು ಅಪರೂಪ ಅಲ್ವಾ?

ಶೇಫರ್‌ನನ್ನು ಅಳೆಯುವುದು ಸುಲಭವಾಗಿರಲಿಲ್ಲ ಅನ್ನೋದೂ ನಿಜ. ಆ ಸೀಸನ್‌ನಲ್ಲಿ ಈರಿಗೆ ಆಡಿದ್ದು 17 ಪಂದ್ಯ, 22 ಪಾಯಿಂಟ್ (ಹೊಡೆದ ಗೋಲು, ನೆರವಾದ ಗೋಲು ಎರಡೂ ಸೇರಿ). ಡಿಸೆಂಬರಿನಲ್ಲಿ ವರ್ಲ್ಡ್ ಜೂನಿಯರ್ಸ್ ಆಡುವಾಗ ಕಾಲರ್‌ಬೋನ್ ಮುರಿಯಿತು, ಅಲ್ಲಿಗೆ ವರ್ಷ ಮುಗಿಯಿತು. ಆದರೂ ಯಾರ ಪಟ್ಟಿಯಲ್ಲೂ ಅವನು ಕೆಳಗಿಳಿಯಲಿಲ್ಲ. ಅವನು ಹುಟ್ಟಿದ್ದು 2007ರ ಸೆಪ್ಟೆಂಬರ್ 5. 2025ರ ಡ್ರಾಫ್ಟಿಗೆ ಹುಟ್ಟಿದ ದಿನದ ಗಡುವು 2007ರ ಸೆಪ್ಟೆಂಬರ್ 15. ಬರೀ ಹನ್ನೊಂದು ದಿನ ತಡವಾಗಿ ಹುಟ್ಟಿದ್ದರೆ ಮುಂದಿನ ವರ್ಷದ ಗುಂಪಿಗೆ ಸೇರುತ್ತಿದ್ದ. ಹದಿನೇಳರ ವಯಸ್ಸಿನಲ್ಲಿ ಕೆಲವು ತಿಂಗಳು ಅಂದ್ರೆ ತುಂಬಾ ದೊಡ್ಡ ಅಂತರ. ಕಾಲಿನ ಬಲ, ಹೆಗಲ ಅಗಲ ಎಲ್ಲ ಬದಲಾಗಿಬಿಡುತ್ತದೆ. ಹಾಗಾಗಿ ನನ್ನ ಎಕ್ಸೆಲ್ ಶೀಟಿನಲ್ಲಿ ಪಾಯಿಂಟ್‌ಗಿಂತ ಮೊದಲ ಕಾಲಂ ಹುಟ್ಟಿದ ದಿನ. ಆಮೇಲೆ ಯಾವ ಲೀಗ್, ಪವರ್‌ಪ್ಲೇಯಲ್ಲಿ (ಶಿಕ್ಷೆಯಿಂದ ಎದುರಿನ ತಂಡದಲ್ಲಿ ಆಟಗಾರ ಕಡಿಮೆ ಇರುವಾಗ) ಬಂದ ಪಾಯಿಂಟ್ ಎಷ್ಟು, ಪಕ್ಕದಲ್ಲಿ ಆಡಿದವರು ಯಾರು. ಸ್ವೀಡನ್ನಿನಲ್ಲಿ ದೊಡ್ಡವರ ಜೊತೆ ಆಡಿ ಬಂದ ಹತ್ತು ಪಾಯಿಂಟೂ ಒಂಟಾರಿಯೋದಲ್ಲಿ ಓರಗೆಯವರ ಜೊತೆ ಆಡಿ ಬಂದ ಹತ್ತು ಪಾಯಿಂಟೂ ಒಂದೇ ಅಲ್ಲ. ಇಷ್ಟು ಗೊತ್ತಿಲ್ಲದೆ ಪಾಯಿಂಟ್ ಪಟ್ಟಿ ಓದಿ ತೀರ್ಪು ಕೊಡುವವರನ್ನು ಕಂಡರೆ ನನಗೆ ರೇಗುತ್ತದೆ.

ಒಂದಂತೂ ಕೈತಪ್ಪಿತು. ಎರಡರಲ್ಲಿ ಯಾರು? ನಮ್ಮ ವಾಟ್ಸ್ಯಾಪ್ ಗುಂಪು ಮೇ, ಜೂನ್ ಪೂರ್ತಿ ಇದರ ಮೇಲೇ ನಡೆಯಿತು. ಸ್ಯಾಗಿನಾ ತಂಡದ ಮೈಕಲ್ ಮೀಸಾ ಎಲ್ಲರ ಕಣ್ಣಿಗೆ ಬೀಳುವ ಹೆಸರು. 65 ಪಂದ್ಯ, 62 ಗೋಲು, 134 ಪಾಯಿಂಟ್. ಹದಿನೈದನೇ ವಯಸ್ಸಿಗೇ ವಿಶೇಷ ಅನುಮತಿ ಪಡೆದು ಒಂಟಾರಿಯೋ ಲೀಗಿಗೆ ಬಂದವನು. ಆದರೆ ಅವನೂ ಸೆಂಟರ್, ಅಂದರೆ ನಡುವೆ ಆಡುವ ಫಾರ್ವರ್ಡ್. "ನಮಗೆ ಸೆಂಟರ್ ಇದ್ದಾರಲ್ಲ, ಬೇಕಾಗಿರೋದು ಡಿಫೆನ್ಸ್" ಅನ್ನುವ ಬಣ ಒಂದು ಹುಟ್ಟಿಕೊಂಡಿತು. ಮೂರು ನಾಲ್ಕು ಸ್ಥಾನ ಕೆಳಗಿಳಿದು, ಬದಲಿಗೆ ಇನ್ನೊಂದು ಆಯ್ಕೆ ಈಸಿಕೊಂಡು, ರಾದಿಮ್ ಮ್ರ್‌ತ್ಕಾ ಥರದ ಎತ್ತರದ ಡಿಫೆನ್ಸ್‌ಮನ್ ತೆಗೆದುಕೊಳ್ಳೋಣ ಅಂತ ಅವರ ವಾದ. ನಮ್ಮ ಕೊಡಗಿನವನೂ ಆ ಬಣಕ್ಕೇ ಸೇರಿದ.

ನಾನು ಒಪ್ಪಲಿಲ್ಲ. ಎರಡನೇ ನಂಬರಿನಲ್ಲಿ ನಿಂತು ತಂಡಕ್ಕೆ ಏನು ಬೇಕು ಅಂತ ಯೋಚಿಸುವುದೇ ತಪ್ಪು. ಇವತ್ತಿನ ಕೊರತೆ ನೋಡಿ ಆರಿಸಿದ ಹುಡುಗ ಪೂರ್ತಿ ತಯಾರಾಗುವ ಹೊತ್ತಿಗೆ ಕೊರತೆ ಬೇರೆಲ್ಲೋ ಇರುತ್ತದೆ. ಚೆನ್ನಾಗಿ ಆಡುವವನನ್ನು ತಗೋಬೇಕು, ಬೇಕಾದದ್ದನ್ನು ಆಮೇಲೆ ಟ್ರೇಡ್‌ನಲ್ಲಿ ತರಬೇಕು. ಇಬ್ಬರು ಒಳ್ಳೆ ಸೆಂಟರ್ ಇರುವ ತಂಡಕ್ಕೆ ಮೂರನೆಯವನು ಹೊರೆಯಲ್ಲ. ಅವನನ್ನು ರೆಕ್ಕೆಯಲ್ಲಿ, ಅಂದರೆ ಬದಿಯಲ್ಲಿ ಆಡಿಸಬಹುದು, ಕೊನೆಗೆ ಕೊಟ್ಟು ಯಾರನ್ನಾದರೂ ತರಬಹುದು. ಮೀಸಾ ಹಿಂದಿನ ವರ್ಷಗಳಲ್ಲಿ ಹೆಚ್ಚಾಗಿ ರೆಕ್ಕೆಯಲ್ಲೇ ಆಡಿದ್ದ.

ಅವನ ಆಟ ನೋಡಿದ್ದೇ ಮೇ ತಿಂಗಳಲ್ಲಿ ಕೂತು ಹಳೆಯ ಪಂದ್ಯಗಳಲ್ಲಿ. ಹೈಲೈಟ್ಸ್ ನೋಡಿದರೆ ಪ್ರತಿಯೊಬ್ಬನೂ ದೇವರೇ. ಅದಕ್ಕೇ ಪೂರ್ತಿ ಪಂದ್ಯ ಹಾಕಿಕೊಂಡು, ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ಬಿಲ್ಲೆ) ಅವನ ಹತ್ತಿರ ಇಲ್ಲದಾಗ ಏನು ಮಾಡುತ್ತಾನೆ ಅಂತ ಮಾತ್ರ ನೋಡುತ್ತಿದ್ದೆ. ಪಕ್ ಕಳೆದುಹೋದ ತಕ್ಷಣ ಹಿಂದಕ್ಕೆ ಓಡುತ್ತಾನಾ, ಇಲ್ಲಾ ನಿಂತು ಆಕಾಶ ನೋಡುತ್ತಾನಾ? ಮೀಸಾ ಓಡುತ್ತಾನೆ. ಇನ್ನೊಂದು, ಎದುರಾಳಿಯ ವಲಯ ಶುರುವಾಗುವ ಬ್ಲೂಲೈನ್ ದಾಟಿದ ಮೇಲೆ ಅವನು ವೇಗ ಹೆಚ್ಚಿಸುವ ಬದಲು ಒಂದು ಕ್ಷಣ ತಗ್ಗಿಸುತ್ತಾನೆ. ಎದುರಿನವನ ಕಾಲು ನೆಟ್ಟಂತಾಗುತ್ತದೆ, ಕೋಲು ಮುಂದೆ ಚಾಚುತ್ತಾನೆ. ಆ ಚಾಚಿದ ಕೋಲಿನ ಕೆಳಗಿಂದಲೇ ಪಕ್ ಆಚೆ ಬದಿಗೆ ಹೋಗಿರುತ್ತದೆ. ಇದನ್ನು ಎರಡನೇ ಸಲ ನೋಡಿದಾಗಲೇ ನನ್ನ ಮಟ್ಟಿಗೆ ತೀರ್ಮಾನ ಆಗಿಹೋಯಿತು. ಅಂಕಿ ಸಂಖ್ಯೆ ಎಲ್ಲ ಆಮೇಲೆ.

ಟ್ರೇಡ್ ವಿಷಯದಲ್ಲಿ ಶಾರ್ಕ್ಸ್ ಅಭಿಮಾನಿಗಳು ಸುಟ್ಟುಕೊಂಡವರು. 2018ರ ಸೆಪ್ಟೆಂಬರಿನಲ್ಲಿ ಒಟ್ಟಾವಾದಿಂದ ಎರಿಕ್ ಕಾರ್ಲ್ಸನ್‌ನನ್ನು ತಂದರು. ಕೊಟ್ಟಿದ್ದರಲ್ಲಿ 2020ರ ಮೊದಲ ಸುತ್ತಿನ ಆಯ್ಕೆಯೂ ಸೇರಿತ್ತು. ನಾವು ಒಳ್ಳೆ ತಂಡ, ಆ ಆಯ್ಕೆ 28ನೆಯದೋ 30ನೆಯದೋ ಆಗುತ್ತದೆ ಅಂತ ಎಲ್ಲರ ಲೆಕ್ಕ. 2019-20ರಲ್ಲಿ ತಂಡ ಕುಸಿಯಿತು. ಆ ಆಯ್ಕೆ ಮೂರನೆಯದಾಯಿತು. ಒಟ್ಟಾವಾ ಅದರಲ್ಲಿ ಟಿಮ್ ಸ್ಟುಟ್ಸ್ಲೆಯನ್ನು ತೆಗೆದುಕೊಂಡಿತು. ಆಯ್ಕೆ ಮೊದಲ ಹತ್ತರೊಳಗೆ ಬಂದರೆ ಕೊಡುವುದಿಲ್ಲ ಅಂತ ಒಂದು ಸಾಲು ಬರೆಸಿಕೊಂಡಿದ್ದರೆ ಸಾಕಿತ್ತು.

ಅದೇ ಕಾರ್ಲ್ಸನ್ 2022-23ರಲ್ಲಿ 101 ಪಾಯಿಂಟ್ ಹೊಡೆದು, ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ. ಆ ಬೇಸಿಗೆಯಲ್ಲೇ ನಮ್ಮ ಜನರಲ್ ಮ್ಯಾನೇಜರ್ ಮೈಕ್ ಗ್ರಿಯರ್ ಅವನನ್ನು ಪಿಟ್ಸ್‌ಬರ್ಗಿಗೆ ಕಳಿಸಿದರು. ಬಂದದ್ದರಲ್ಲಿ ಮೊದಲ ಸುತ್ತಿನ ಒಂದು ಆಯ್ಕೆಯೂ ಇತ್ತು. ಅದು 2024ರಲ್ಲಿ 14ನೆಯದಾಯಿತು. ಅದರ ಜೊತೆ 42ನೆಯದನ್ನೂ ಬಫಲೋಗೆ ಕೊಟ್ಟು 11ಕ್ಕೆ ಏರಿ ಡಿಫೆನ್ಸ್‌ಮನ್ ಸ್ಯಾಮ್ ಡಿಕಿನ್ಸನ್‌ನನ್ನು ತೆಗೆದುಕೊಂಡರು. ನಮ್ಮ ಇನ್ನೊಬ್ಬ ಆಟಗಾರ ತೋಮಾಸ್ ಹೆರ್ಟ್ಲ್ ಕಥೆಯೂ ಇದೇ ಥರ. ಅವನನ್ನು ವೇಗಸ್‌ಗೆ ಕೊಟ್ಟಾಗ ಈ ಊರಿನಲ್ಲಿ ಅತ್ತವರಿದ್ದಾರೆ. ಬಂದದ್ದು ಡೇವಿಡ್ ಎಡ್‌ಸ್ಟ್ರೋಮ್ ಅನ್ನೋ ಎಳೆಯ ಆಟಗಾರ ಮತ್ತು 2025ರ ಒಂದು ಆಯ್ಕೆ. ಕೆಲವೇ ತಿಂಗಳಲ್ಲಿ ಅವೆರಡೂ, ಒಬ್ಬ ಗೋಲಿಯ ಜೊತೆ ನ್ಯಾಶ್‌ವಿಲ್‌ಗೆ ಹೋದವು, ಅಲ್ಲಿಂದ ಗೋಲಿ ಯಾರೊಸ್ಲಾವ್ ಅಸ್ಕರೋವ್ ಬಂದ. ಹಾಗಾಗಿ ಟ್ರೇಡ್ ಆದ ದಿನವೇ ಯಾರು ಗೆದ್ದರು, ಯಾರು ಸೋತರು ಅಂತ ಕೂಗಾಡುವುದರಲ್ಲಿ ನನಗೆ ನಂಬಿಕೆ ಇಲ್ಲ. ನಾನು ಸರಪಳಿ ಬರೆದಿಟ್ಟುಕೊಳ್ಳುತ್ತೇನೆ. ಯಾರಿಂದ ಯಾರು, ಅವರಿಂದ ಯಾರು. ಶೀಟಿನಲ್ಲಿ ಅದಕ್ಕೇ ಬೇರೆ ಟ್ಯಾಬ್ ಇದೆ. ನನ್ನ ಹೆಂಡತಿ ಅದನ್ನು ನೋಡಿ "ಮನೆ ಲೋನಿಗೂ ಇಷ್ಟು ಚೆನ್ನಾಗಿ ಲೆಕ್ಕ ಇಟ್ಟಿಲ್ಲ" ಅಂದಳು. ಅದು ನಿಜವೂ ಹೌದು.

ಜೂನ್ 27, ಶುಕ್ರವಾರ, ಡ್ರಾಫ್ಟಿನ ಮೊದಲ ದಿನ. ಗುಂಪೆಲ್ಲ ನಮ್ಮ ಮನೆಯಲ್ಲೇ ಸೇರಿತು. ಆ ಸಲ ತಂಡಗಳ ಅಧಿಕಾರಿಗಳು ತಮ್ಮ ತಮ್ಮ ಊರಿನಲ್ಲೇ ಕೂತಿದ್ದರು, ಹುಡುಗರು ಮಾತ್ರ ಲಾಸ್ ಏಂಜಲೀಸ್‌ನ ಪೀಕಾಕ್ ಥಿಯೇಟರಿಗೆ ಬಂದಿದ್ದರು. ಆರಿಸಿಕೊಂಡವನ ಜೊತೆ ದೊಡ್ಡ ಪರದೆಯಲ್ಲಿ ವಿಡಿಯೋ ಕಾಲ್. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಮಾತಾಡುವ ಅದೇ ಆಫೀಸಿನ ಕಷ್ಟ. ಮೊದಲ ಸುತ್ತೊಂದೇ ನಾಲ್ಕು ಗಂಟೆಗೂ ಜಾಸ್ತಿ ಎಳೆಯಿತು. ಇದಕ್ಕಿಂತ ಹಳೆಯ ಪದ್ಧತಿಯೇ ಚೆನ್ನಾಗಿತ್ತು, ಎಲ್ಲ ತಂಡದವರೂ ಒಂದೇ ಅಂಗಳದಲ್ಲಿ ಟೇಬಲ್ ಹಾಕಿಕೊಂಡು ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಡುತ್ತಿದ್ದರು.

ಶೇಫರ್ ಹೆಸರು ಕೂಗಿದಾಗ ಯಾರೂ ಬೈಯಲಿಲ್ಲ. 2024ರಲ್ಲಿ ಕ್ಯಾನ್ಸರ್‌ನಿಂದ ಅಮ್ಮನನ್ನು ಕಳೆದುಕೊಂಡ ಹುಡುಗ ಅವನು. ಐಲ್ಯಾಂಡರ್ಸ್ ಜೆರ್ಸಿ ಮೇಲೆ ಅಂಟಿಸಿದ್ದ ಗುಲಾಬಿ ರಿಬ್ಬನ್‌ಗೆ ಮುತ್ತಿಟ್ಟ. ಅಡುಗೆಮನೆಯಿಂದ ಬಂದು ನೋಡಿದ ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ಐದು ನಿಮಿಷದಲ್ಲಿ ನಮ್ಮ ಸರದಿ. ಮೀಸಾ! ಕೊಡಗಿನವನು ಕೈ ಮುಗಿದು "ಆಯ್ತಪ್ಪಾ, ಗೆದ್ದೆ" ಅಂದ. ಅವನನ್ನು ಸಮಾಧಾನ ಮಾಡಲು 1997ರ ಕಥೆ ತೆಗೆದೆ. ಆಗಲೂ ನಮ್ಮದು ಎರಡನೇ ಸರದಿ. ಒಂದರಲ್ಲಿ ಜೋ ಥಾರ್ನ್‌ಟನ್ ಬಾಸ್ಟನ್ನಿಗೆ ಹೋದ, ನಮಗೆ ಬಂದದ್ದು ಪ್ಯಾಟ್ರಿಕ್ ಮಾರ್ಲೋ. ಕೊನೆಗೆ ಎನ್‌ಎಚ್‌ಎಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 1779 ಪಂದ್ಯ ಆಡಿದವನು ಮಾರ್ಲೋನೇ. 2005ರಲ್ಲಿ ಮೂವರನ್ನು ಕೊಟ್ಟು ಥಾರ್ನ್‌ಟನ್‌ನನ್ನೂ ಇಲ್ಲಿಗೇ ತಂದರು. "ಹಾಗಾದ್ರೆ ಎಂಟು ವರ್ಷ ಬಿಟ್ಟು ಶೇಫರ್ ಬರ್ತಾನಾ?" ಅಂತ ಕೇಳಿದ. ಬಂದರೂ ಬರಬಹುದು.

ನಿಜವಾದ ಹೊಟ್ಟೆಯುರಿ ಆಮೇಲೆ ಶುರುವಾಯಿತು. ಐಲ್ಯಾಂಡರ್ಸ್ ಅವತ್ತೇ ನೋವಾ ಡಾಬ್ಸನ್‌ನನ್ನು ಮಾಂಟ್ರಿಯಲ್‌ಗೆ ಕೊಟ್ಟು 16 ಮತ್ತು 17ನೇ ಆಯ್ಕೆಗಳನ್ನು ತಂದಿತ್ತು. ಹದಿನಾರರಲ್ಲಿ ಅವರು ತೆಗೆದುಕೊಂಡದ್ದು ವಿಕ್ಟರ್ ಎಕ್ಲುಂಡ್‌ನನ್ನು. ಅವನ ಅಣ್ಣ ವಿಲಿಯಂ ನಮ್ಮಲ್ಲೇ ಆಡುತ್ತಾನೆ. ಅಣ್ಣತಮ್ಮಂದಿರನ್ನು ಒಂದೇ ಲೈನಿನಲ್ಲಿ ನೋಡುವ ಆಸೆ ಸ್ಯಾನ್ ಹೋಸೆಯಲ್ಲಿ ಯಾರಿಗಿರಲಿಲ್ಲ ಹೇಳಿ. ನಮ್ಮ ಕೈಯಲ್ಲಿ 30 ಮತ್ತು 33ನೇ ಆಯ್ಕೆಗಳಿದ್ದವು. ಎರಡನ್ನೂ ಸೇರಿಸಿ ಮೇಲೆ ಹೋಗಬಹುದಿತ್ತು ಅಂತ ಗುಂಪಿನಲ್ಲಿ ದೊಡ್ಡ ಜಗಳ. 30 ಮತ್ತು 33ಕ್ಕೆ ಯಾರೂ 16 ಕೊಡುವುದಿಲ್ಲ, ಇಪ್ಪತ್ತರ ಆಸುಪಾಸು ಸಿಕ್ಕರೆ ಹೆಚ್ಚು ಅಂತ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಡಾಲಸ್‌ನಿಂದ ಬಂದಿದ್ದ 30ರಲ್ಲಿ ಗೋಲಿ ಜೋಶುವಾ ರೇವನ್ಸ್‌ಬರ್ಗನ್. ಅಸ್ಕರೋವ್ ಇರುವಾಗ ಇನ್ನೊಬ್ಬ ಗೋಲಿ ಯಾಕೆ ಅಂತ ಮತ್ತೆ ಅದೇ ಹಳೆಯ ವಾದ.

ಮಾರನೇ ದಿನ 33ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಹಾವೋಶಿ ವಾಂಗ್‌ನನ್ನು ಕರೆದರು. ಆರಡಿ ಆರಂಗುಲದ ಡಿಫೆನ್ಸ್‌ಮನ್, ಕಾಲು ಚುರುಕು, ಆಟ ಇನ್ನೂ ಹಸಿ. ನಾನಾಗಿದ್ದರೆ ಆ ಜಾಗದಲ್ಲಿ ಬೇರೆಯವನನ್ನು ತಗೊಳ್ಳುತ್ತಿದ್ದೆ. ಪಕ್ ಹಿಡಿದು ನೋಡಿ ಆಡುವ ಬುದ್ಧಿಯನ್ನು ಕಲಿಸುವುದು ಕಷ್ಟ, ಎತ್ತರ ನೋಡಿ ಮರುಳಾಗಬಾರದು ಅನ್ನೋದು ನನ್ನ ಪಕ್ಷ. ಕೊಡಗಿನವನು ಮಾತ್ರ ಎರಡು ದಿನದಲ್ಲಿ ಮೊದಲ ಸಲ ನಕ್ಕ. ಡಿಫೆನ್ಸ್‌ಮನ್ ಬಂದನಲ್ಲ! ಜೋ ಪವೆಲ್ಸ್ಕಿ 2003ರಲ್ಲಿ 205ನೇ ಆಯ್ಕೆಯಾಗಿದ್ದವನು, ಆಮೇಲೆ ಇಲ್ಲೇ ಕ್ಯಾಪ್ಟನ್ ಆಗಲಿಲ್ಲವಾ ಅಂತ ನನಗೇ ಪಾಠ ಹೇಳಿದ. ಶೀಟಿನಲ್ಲಿ ವಾಂಗ್ ಹೆಸರಿನ ಮುಂದೆ ನಾನು ಹಾಕಿದ್ದ "ಬೇಡ" ಅಳಿಸು ಅಂತ ಇನ್ನೂ ಪೀಡಿಸುತ್ತಿದ್ದಾನೆ. ಅಳಿಸಿಲ್ಲ.