ಮೂರು ನಿಮಿಷದ ಅನಿಮೆಗಳನ್ನು ಯಾಕೆ ಕೂಡಿಡುತ್ತೀರಿ?

“ಜಪಾನಿನ ಅನಿಮೇಷನ್, ಅದೇ ಅನಿಮೆ, ನೋಡುತ್ತೀರಿ, ಸರಿ. ಆದರೆ ಯಾರೋ ಅಭಿಮಾನಿಗಳು ಮನೆಯಲ್ಲಿ ಕೂತು ಬಿಡಿಸಿದ ಮೂರು ನಿಮಿಷದ ಚಿತ್ರಗಳನ್ನು ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟುಕೊಳ್ಳುವುದು ಯಾಕೆ? ಬೇಕೆಂದಾಗ ನೆಟ್‌ನಲ್ಲಿ ಸಿಗುತ್ತವಲ್ಲ?”

ನನ್ನ ಸಂಗ್ರಹದ ವಿಷಯ ತಿಳಿದವರೆಲ್ಲ ಒಮ್ಮೆಯಾದರೂ ಇದನ್ನು ಕೇಳಿದ್ದಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಅನಿಮೆಯಲ್ಲಿ ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುವುದು ರೂಢಿ. ಅಂದರೆ ಸೆಕೆಂಡಿಗೆ 12 ಇಲ್ಲವೇ 8 ಚಿತ್ರ. ಎಂಟೇ ಎಂದಿಟ್ಟುಕೊಂಡರೂ ಮೂರು ನಿಮಿಷಕ್ಕೆ 1,440 ಚಿತ್ರ ಬೇಕು. ಸ್ಟುಡಿಯೋದಲ್ಲಾದರೆ ಮುಖ್ಯ ಭಂಗಿಗಳನ್ನು ಒಬ್ಬರು ಬಿಡಿಸುತ್ತಾರೆ, ನಡುವಿನ ಚಿತ್ರಗಳನ್ನು ಬೇರೆಯವರು ತುಂಬುತ್ತಾರೆ, ಹಿನ್ನೆಲೆಗೆ, ಬಣ್ಣಕ್ಕೆ ಮತ್ತೆ ಬೇರೆ ಕೈಗಳಿರುತ್ತವೆ. ಒಬ್ಬಂಟಿಯಾಗಿ ಕೂತವರಿಗೆ ಎಲ್ಲ ಕಡೆಗೂ ಸಮನಾಗಿ ದುಡಿಯಲು ಆಗುವುದಿಲ್ಲ. ಎಲ್ಲೋ ಕೈ ಬಿಗಿ ಹಿಡಿದು, ಇನ್ನೆಲ್ಲೋ ಇದ್ದಬದ್ದ ಶ್ರಮವನ್ನೆಲ್ಲ ಸುರಿಯಬೇಕು. ಎಲ್ಲಿ ಸುರಿದಿದ್ದಾರೆ ಎಂದು ಹುಡುಕುತ್ತಾ ನೋಡುವುದೇ ನನಗೆ ಈ ಚಿತ್ರಗಳ ದೊಡ್ಡ ಸುಖ.

2009ರಲ್ಲಿ ಕ್ಯೋಟೋ ಸೈಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಹಿರೋಯಾಸು ಇಶಿದಾ ‘ಫುಮಿಕೋ ನೊ ಕೊಕುಹಾಕು’ ಎಂಬ ಕಿರುಚಿತ್ರ ಮಾಡಿದರು. ಎರಡೂವರೆ ನಿಮಿಷವೂ ತುಂಬದ ಚಿತ್ರ. ಹುಡುಗಿ ಪ್ರೀತಿ ಹೇಳಿಕೊಳ್ಳುತ್ತಾಳೆ, ಹುಡುಗ ಒಲ್ಲೆ ಎನ್ನುತ್ತಾನೆ, ಅವಳು ಅಳುತ್ತಾ ಇಳಿಜಾರಿನಲ್ಲಿ ಓಡತೊಡಗುತ್ತಾಳೆ. ಅಷ್ಟೇ ಕಥೆ. ಆದರೆ ಆ ಓಟ! ಕಾಲು ಹಿಡಿತ ತಪ್ಪುವುದು, ಉರುಳುವುದು, ಮನೆಗಳು ಮೇಲೆ ಕೆಳಗಾಗಿ ಸರಿದುಹೋಗುವುದು. ಮಾತಿನಲ್ಲಿ ಹೇಳದ ಅವಮಾನವನ್ನು ಇಳಿಜಾರೇ ಹೇಳಿಬಿಡುತ್ತದೆ. ಇದೇ ಇಶಿದಾ 2018ರಲ್ಲಿ ಪೂರ್ಣಾವಧಿಯ ‘ಪೆಂಗ್ವಿನ್ ಹೈವೇ’ ನಿರ್ದೇಶಿಸಿದರು. ಅದನ್ನು ನೋಡುವಾಗಲೂ ನನಗೆ ಆ ಇಳಿಜಾರು ನೆನಪಾಗುತ್ತಿತ್ತು.

ಇನ್ನೊಬ್ಬ ಅನಿಮೆ ನಿರ್ದೇಶಕ ಮಕೋತೋ ಶಿಂಕಾಯ್ ಹಿಡಿದದ್ದು ಇದಕ್ಕೆ ಪೂರ್ತಿ ವಿರುದ್ಧವಾದ ದಾರಿ. 1999ರಲ್ಲಿ, ಗೇಮ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಲೇ, ಒಬ್ಬ ಹೆಣ್ಣು ಮತ್ತು ಅವಳ ಬೆಕ್ಕಿನ ಬಗ್ಗೆ ಐದು ನಿಮಿಷದ ಕಪ್ಪು ಬಿಳುಪು ಚಿತ್ರ ಮಾಡಿದರು. ಕಥೆ ಹೇಳುವುದು ಬೆಕ್ಕು. ಅಲ್ಲಿ ಚಲನೆ ತೀರಾ ಕಡಿಮೆ. ಅವರ ದುಡಿಮೆ ಹೋಗಿರುವುದು ಬೆಳಕಿಗೆ, ಕೋಣೆಗೆ, ಹವೆಗೆ. ಚಲನೆಗೆ ಕೈ ಸಾಲದಿದ್ದರೆ ನಿಶ್ಚಲತೆಯನ್ನೇ ಕಥೆಯಾಗಿಸಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಈ ಚಿತ್ರ. 2002ರ ‘ಹೊಶಿ ನೊ ಕೊಎ’ಯನ್ನೂ ಅವರು ಹೆಚ್ಚುಕಡಿಮೆ ಒಬ್ಬರೇ, ಮನೆಯ ಕಂಪ್ಯೂಟರಿನಲ್ಲಿ ಮಾಡಿದರು. 25 ನಿಮಿಷದ ಆ ಚಿತ್ರದ ಮೊದಲ ಆವೃತ್ತಿಯಲ್ಲಿ ನಾಯಕನ ದನಿಯೂ ಅವರದೇ.

ಇಬ್ಬರ ಈ ಮೂರೂ ಕಿರುಚಿತ್ರಗಳು ಸ್ವಂತ ಕಥೆಗಳು. ಇನ್ನೊಬ್ಬರ ಲೋಕವನ್ನು ಪ್ರೀತಿಸಿ, ಅದರೊಳಗೆ ಹೊಕ್ಕು ಮಾಡಿದ ಚಿತ್ರಗಳ ರುಚಿ ಬೇರೆ. ಬ್ರಿಟನ್ನಿನ ಪಾಲ್ ಜಾನ್ಸನ್ ‘ಸ್ಟಾರ್ ವಾರ್ಸ್’ ಲೋಕದ ಆಕಾಶ ಯುದ್ಧವೊಂದನ್ನು ಎಂಬತ್ತರ ದಶಕದ ಅನಿಮೆ ಶೈಲಿಯಲ್ಲಿ ಬಿಡಿಸಿ 2015ರಲ್ಲಿ ಹೊರತಂದರು. ಅದೂ ಖಳರೆಂದು ಹೆಸರಾದ ಸಾಮ್ರಾಜ್ಯದ ಪೈಲಟ್‌ಗಳ ಕಡೆಯಿಂದ. ಏಳು ನಿಮಿಷಕ್ಕೆ ನಾಲ್ಕು ವರ್ಷದ ವಾರಾಂತ್ಯಗಳು ಹೋದವು. ಯಾರೂ ಕೇಳಿರಲಿಲ್ಲ, ಯಾರೂ ಸಂಬಳ ಕೊಟ್ಟಿರಲಿಲ್ಲ. ಆ ವಿಮಾನಗಳ ಲೋಹದ ಮೇಲಿನ ಒಂದೊಂದು ನೆರಳನ್ನೂ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ.

ಇನ್ನು ‘ನೆಟ್‌ನಲ್ಲಿ ಸಿಗುತ್ತವಲ್ಲ’ ಎನ್ನುವ ಮಾತು. ಸಿಗುವುದಿಲ್ಲ. ಅಂಗಡಿಗೆ ಬಾರದ ಚಿತ್ರವನ್ನು ಕಾಯುವ ಹೊಣೆ ಯಾರದ್ದೂ ಅಲ್ಲ. ಒಸಾಕಾದ ವಿಜ್ಞಾನ ಕಥಾ ಸಮ್ಮೇಳನಕ್ಕಾಗಿ ವಿದ್ಯಾರ್ಥಿಗಳ ಗುಂಪೊಂದು 1981ರಲ್ಲಿ ಮತ್ತು 1983ರಲ್ಲಿ ಮಾಡಿದ ಆರಂಭ ಚಿತ್ರಗಳನ್ನೇ ನೋಡಿ. ಅನಿಮೆ ನಿರ್ದೇಶಕ ಹಿದೆಯಾಕಿ ಆನ್ನೊ ಆ ಗುಂಪಿನಲ್ಲಿದ್ದರು, ಮುಂದೆ ಅದೇ ಬಳಗದಿಂದ ಗೈನಾಕ್ಸ್ ಸ್ಟುಡಿಯೋ ಹುಟ್ಟಿತು. ಎರಡನೆಯ ಚಿತ್ರದಲ್ಲಿ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದರು, ಬೇರೆಯವರ ಪಾತ್ರಗಳಂತೂ ಹಿಂಡುಹಿಂಡಾಗಿ ಬಂದಿದ್ದವು. ಹೀಗಾಗಿ ಅದು ಎಲ್ಲರಿಗೂ ಸಿಗುವಂತೆ ಬಿಡುಗಡೆಯಾಗುವುದು ಕಷ್ಟವಾಯಿತು. ಅದು ಇಷ್ಟು ದೂರ ಬಂದದ್ದು ಅಭಿಮಾನಿಗಳು ಕೈಯಿಂದ ಕೈಗೆ ದಾಟಿಸಿದ ಪ್ರತಿಗಳಿಂದ.

ಫ್ಲ್ಯಾಶ್ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನ ಕಥೆ ಇನ್ನೂ ಬೇಸರದ್ದು. ಹಿಂದೆ ಎಷ್ಟೋ ಜನ ತಮ್ಮ ಮೊದಲ ಅನಿಮೇಷನ್ ಮಾಡಿದ್ದು ಅದರಲ್ಲೇ. 2020ರ ಡಿಸೆಂಬರ್ 31ಕ್ಕೆ ಅದರ ಫೈಲುಗಳನ್ನು ಓಡಿಸುವ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲ ನಿಂತಿತು. ಬ್ರೌಸರುಗಳಲ್ಲಿ ಆ ಫೈಲುಗಳು ತೆರೆಯದಾದವು. ಹಳೆಯ ಫ್ಲ್ಯಾಶ್ ಫೈಲುಗಳನ್ನು ಮತ್ತೆ ಓಡಿಸುವ ರಫಲ್‌ನಂಥ ಎಮ್ಯುಲೇಟರ್ ಬಂದಿದೆ, ಸಂತೋಷ. ಆದರೆ ಎಮ್ಯುಲೇಟರ್‌ಗೆ ಕೊಡಲು ಮೂಲ ಫೈಲಾದರೂ ಯಾರ ಬಳಿಯಾದರೂ ಉಳಿದಿರಬೇಕಲ್ಲ.

ನಾನೇ ಕಳೆದುಕೊಂಡದ್ದೊಂದಿದೆ. ಒಂದು ಸರಣಿಯಲ್ಲಿ ಒಂದೇ ಕಂತಿಗೆ ಬಂದು ಸತ್ತುಹೋಗುವ ಹುಡುಗಿಯನ್ನು ಯಾರೋ ಬದುಕಿಸಿ, ನಾಲ್ಕು ನಿಮಿಷದ ಚಿತ್ರ ಮಾಡಿದ್ದರು. ಅವಳು ಕಿಟಕಿಯ ಬಳಿ ಕೂತು ತಲೆಗೂದಲು ಒಣಗಿಸಿಕೊಳ್ಳುತ್ತಾಳೆ, ಅಷ್ಟೇ. ಮುಖ ಅಲುಗಾಡುವುದಿಲ್ಲ. ಕೂದಲಿಗೆ ಮಾತ್ರ ಪ್ರತಿ ಫ್ರೇಮಿಗೂ ಹೊಸ ಚಿತ್ರ. ಎಲ್ಲಿಗೆ ಹೋಗುತ್ತದೆ, ಇರುತ್ತದೆ ಎಂದು ಬಿಟ್ಟಿದ್ದೆ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಖಾತೆಯೇ ಇರಲಿಲ್ಲ. ಆ ಕೂದಲು ಇವತ್ತಿಗೂ ಕಣ್ಣ ಮುಂದಿದೆ, ಯಾರಿಗೂ ತೋರಿಸಲಾರೆ.

ಅಂದಿನಿಂದ ಮನಸ್ಸಿಗೆ ಹಿಡಿದ ಚಿತ್ರ ಕಂಡರೆ ಮೊದಲು ಮಾಡಿದವರಿಗೇ ಬರೆದು ಕೇಳುತ್ತೇನೆ. ಒಪ್ಪಿದರೆ ಮಾತ್ರ ಇಟ್ಟುಕೊಳ್ಳುತ್ತೇನೆ, ಬೇರೆಲ್ಲೂ ಮತ್ತೆ ಏರಿಸುವುದಿಲ್ಲ. ಚಿತ್ರದ ಜೊತೆಗೇ ಅವರು ಇಟ್ಟುಕೊಂಡ ಹೆಸರು, ತಾರೀಖು, ಬಳಸಿದ ಸಾಫ್ಟ್‌ವೇರ್, ಚಿತ್ರದ ಕೆಳಗೆ ಅವರೇ ಬರೆದಿದ್ದ ನಾಲ್ಕು ಸಾಲು, ಎಲ್ಲವನ್ನೂ ಒಂದು ಕಡತದಲ್ಲಿ ಸೇರಿಸಿಡುತ್ತೇನೆ. ಆ ನಾಲ್ಕು ಸಾಲು ಮುಖ್ಯ. ಯಾಕೆ ಮಾಡಿದರು ಎಂಬುದು ಎಷ್ಟೋ ಸಲ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ.

ಹೆಚ್ಚಿನವರು ಖುಷಿಯಿಂದ ಉತ್ತರಿಸುತ್ತಾರೆ. ಒಬ್ಬರು ಬಣ್ಣ ಹಚ್ಚುವ ಮೊದಲಿನ ಬರಿಗೆರೆಯ ಆವೃತ್ತಿಯನ್ನೂ ಕಳಿಸಿದರು. ಕೊನೆಗೆ ಕತ್ತರಿಸಿಬಿಟ್ಟ ಹನ್ನೊಂದು ಸೆಕೆಂಡು ಅದರಲ್ಲಿದೆ: ಹುಡುಗಿ ಬಾಗಿಲು ಹಾಕಿಕೊಂಡು ಹೊರಡುತ್ತಾಳೆ, ತಿರುಗಿ ಬಂದು ಬಾಗಿಲು ತೆರೆಯುತ್ತಾಳೆ, ಮರೆತಿದ್ದ ಕೊಡೆ ತೆಗೆದುಕೊಂಡು ಹೋಗುತ್ತಾಳೆ.