ಥರ್ಮೋಕೋಲ್‌ಗೆ ಚುಚ್ಚಿಟ್ಟ ಮಾಸ್‌ಫೆಟ್‌ಗಳು

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಅಮ್ಮ ತಾರಸಿಯಿಂದಲೇ ಕೂಗಿದಳು: "ಏನೋ ನಿನ್ನ ಪೆಟ್ಟಿಗೆ! ಟ್ಯಾಂಕ್ ತುಂಬಿ ಹರೀತಾ ಇದೆ, ಮೋಟಾರ್ ನಿಲ್ತಾನೇ ಇಲ್ಲ."

ಪಂಪಿನ ಕಂಟ್ರೋಲರ್ ನಾನೇ ಮಾಡಿದ್ದು. ಮೂರು ವಾರ ಸರಿಯಾಗೇ ಇತ್ತು. ಬಿಚ್ಚಿ ನೋಡಿದರೆ, ಮೋಟಾರ್ ಹಾಕಿ ಆರಿಸುವ ರಿಲೇಯನ್ನು ಎಳೆಯುವ 2ಎನ್7000 ಮಾಸ್‌ಫೆಟ್ (ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್) ಆಫ್ ಆಗುತ್ತಲೇ ಇರಲಿಲ್ಲ. ಹೊಸದು ಹಾಕೋಣ ಅಂತ ಒಂದನ್ನು ಕಿತ್ತುಕೊಂಡು ಸುಮ್ನೆ ಮೀಟರ್ ಇಟ್ಟೆ. ಸ್ವಿಚ್ಚನ್ನು ನಡೆಸುವ ಗೇಟ್ ಅನ್ನೋ ಕಾಲಿಗೂ ಸೋರ್ಸ್ ಅನ್ನೋ ಕಾಲಿಗೂ ಮಧ್ಯೆ ಏನೂ ತೋರಿಸಬಾರದು. ಕೆಲವೇ ಕಿಲೋ ಓಮ್ ತೋರಿಸಿತು. ಅದೂ ಸತ್ತಿದೆ!

ಕಿತ್ತುಕೊಂಡಿದ್ದು ಎಲ್ಲಿಂದ ಅಂದ್ರಾ? ಹಳೇ ಟಿವಿ ಡಬ್ಬದ ಥರ್ಮೋಕೋಲ್‌ನಿಂದ. ಕಾಲು ಬಾಗಬಾರದು ಅಂತ ಎಲ್ಲವನ್ನೂ ಸಾಲಾಗಿ ಅದಕ್ಕೆ ಚುಚ್ಚಿಟ್ಟಿದ್ದೆ. ನೋಡೋಕೆ ಬಹಳ ಚೆಂದ ಇತ್ತು. ಜೊತೆಗೆ ದಾವಣಗೆರೆಯ ಒಣ ಹವೆ, ಪ್ಲಾಸ್ಟಿಕ್ ಕುರ್ಚಿ, ನನ್ನ ಪಾಲಿಯೆಸ್ಟರ್ ಸ್ವೆಟರ್. ಉಜ್ಜಿದಾಗ ಹುಟ್ಟುವ ಸ್ಟ್ಯಾಟಿಕ್ ಚಾರ್ಜ್‌ಗೆ (ಸ್ಥಿರ ವಿದ್ಯುತ್) ಇನ್ನೇನು ಬೇಕು? ಮಾಸ್‌ಫೆಟ್ ಕೊಂದದ್ದು ಅದೇ.

"ನನಗೆ ಶಾಕೇ ಹೊಡೀಲಿಲ್ಲವಲ್ಲ" ಅಂತ ಮೊದಲು ವಾದ ಮಾಡಿದೆ. ಆದರೆ ಬೆರಳಿಗೆ ಚುರುಕ್ ಅನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಈ ಮಾಸ್‌ಫೆಟ್‌ನ ಗೇಟ್ ತಡೆಯೋದು 20 ವೋಲ್ಟ್. ಒಳಗಿರುವ ಆಕ್ಸೈಡ್ ಪದರ ಅಷ್ಟು ತೆಳು. ಕೆಲವು ಸಲ ಪೂರ್ತಿ ತೂತಾಗುವುದಿಲ್ಲ, ಅರ್ಧ ಗಾಯವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ನನ್ನದು ಮೂರು ವಾರ ಎಳೆದದ್ದು ಹಾಗೇ ಇರಬೇಕು.

ಈಗ ಬಿಡಿ ಭಾಗಗಳೆಲ್ಲ ವಿದ್ಯುತ್ ಹರಿಯಬಿಡುವ ಕರಿ ಕಂಡಕ್ಟಿವ್ ಫೋಮ್‌ನಲ್ಲಿ, ಬೋರ್ಡ್‌ಗಳು ಹೊರಗಿನ ಕಿಡಿ ತಡೆಯುವ ಬೆಳ್ಳಿ ಬಣ್ಣದ ಚೀಲದ ಒಳಗೆ. ಗುಲಾಬಿ ಚೀಲ ತಾನು ಚಾರ್ಜ್ ಆಗುವುದು ಕಡಿಮೆ, ಅಷ್ಟೇ. ಹೊರಗಿನ ಕಿಡಿಯನ್ನು ಅದು ತಡೆಯಲ್ಲ. ಕೈಗೆ ರಿಸ್ಟ್ ಸ್ಟ್ರಾಪ್, ಅಂದರೆ ಮೈಯ ಚಾರ್ಜನ್ನು ಅರ್ಥ್‌ಗೆ ಇಳಿಸುವ ಪಟ್ಟಿ. ಅದರ ಕ್ಲಿಪ್ಪನ್ನು ಮೊದಲ ದಿನ ಕಿಟಕಿ ಸರಳಿಗೆ ಸಿಕ್ಕಿಸಿದ್ದೆ, ಜಾಣ! ಗೋಡೆಯಲ್ಲಿ ಹೂತ ಸರಳು ಅರ್ಥ್ ಆಗುತ್ತಾ? ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಟೇಬಲ್‌ಗೆ ಅಂತಲೇ ಅರ್ಥ್ ಪಾಯಿಂಟ್ ಹಾಕಿಸಿದೆ. ಸ್ಟ್ರಾಪಿನಲ್ಲಿ 1 ಮೆಗಾ ಓಮ್ ರೆಸಿಸ್ಟರ್ ಇದೆಯಾ ಅಂತ ಮೀಟರ್ ಇಟ್ಟು ನೋಡಿ. ಅದು ಇದ್ದರೆ, ತಪ್ಪಿ 230 ವೋಲ್ಟ್ ಮುಟ್ಟಿದರೂ ಸ್ಟ್ರಾಪಿನ ಮೂಲಕ ಕಾಲು ಮಿಲಿ ಆಂಪ್ ಕೂಡ ಹರಿಯಲ್ಲ. ಬರೀ ತಂತಿ ಕಟ್ಟಿಕೊಂಡರೆ ಚಿಪ್ ಉಳಿದೀತು, ನೀವು ಉಳಿಯಲ್ಲ.

ಹೊಸ ಬೋರ್ಡ್‌ನಲ್ಲಿ ಗೇಟ್‌ಗೆ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ 12 ವೋಲ್ಟ್ ಝೀನರ್ ಡಯೋಡ್ ಹಾಕಿದ್ದೇನೆ. ಟ್ಯಾಂಕ್‌ನಿಂದ ಬರುವ ಉದ್ದ ವೈರಿಗೆ ಕನೆಕ್ಟರ್ ಪಕ್ಕದಲ್ಲೇ, ದಿಢೀರ್ ಏರುವ ವೋಲ್ಟೇಜ್ ತಡೆಯುವ ಟಿವಿಎಸ್ ಡಯೋಡ್ ಇದೆ. ಅಮ್ಮ ಮಾತ್ರ ಇನ್ನೂ ಮೋಟಾರ್ ಹಾಕಿ, ತಾನೇ ತಾರಸಿ ಹತ್ತಿ ನೋಡಿ ಬರುತ್ತಾಳೆ.